ಕುಂಟಿಯ ಹೆಸರಿನ ಸಾರು

ನಾನು ಒಲೆಯ ಮುಂದೆ ನಿಂತಾಗ ಬೆನ್ನ ಹಿಂದಿನಿಂದ ಯಾರೋ "ಯಾವುದು?" ಎಂದು ಕೇಳುತ್ತಾರೆ. ಯಾರೋ ಏನು ಬಂತು, ನನ್ನ ಅಪ್ಪನೇ. ಅಪ್ಪ ಸತ್ತು ಕೆಲವು ವರ್ಷಗಳಾದವು. ದೆವ್ವ ಭೂತ ಅಂದರೆ ನಗುವವಳು ನಾನು. ಇಷ್ಟು ಕಾಲ ಶಿರಾಳಕೊಪ್ಪದ ಶಾಲೆಯೊಂದರಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟವಳು. ಆದರೂ ಆ ಮಾತು ಕೇಳಿಸುತ್ತದೆ, ನಾನು ಉತ್ತರವನ್ನೂ ಕೊಡುತ್ತೇನೆ. "ಅಣ್ಣೆ ಸೊಪ್ಪು ಅಪ್ಪಾ, ಕೆರೆ ಕೆಳಗಿನ ಹೊಲದ್ದು" ಎನ್ನುತ್ತೇನೆ. "ಹುರುಳಿಕಾಳು, ಪಕ್ಕದ ಮನೆ ಅತ್ತೆ ಕೊಟ್ಟಿದ್ದು" ಎನ್ನುತ್ತೇನೆ. ಹೇಳದೆ ಬಡಿಸಿಕೊಂಡ ದಿನ ಊಟ ಗಂಟಲಲ್ಲಿ ಇಳಿಯುವುದಿಲ್ಲ.

ಆ ಪ್ರಶ್ನೆಯ ಹಿನ್ನೆಲೆ ಹೇಳಬೇಕು. ನಮ್ಮದು ಕುರಿ ಸಾಕುವ ಮನೆ. ಊರು ಶಿಕಾರಿಪುರ ತಾಲ್ಲೂಕಿನಲ್ಲಿ, ಶಿರಾಳಕೊಪ್ಪದಿಂದ ಬಸ್ಸಿಗೆ ಅರ್ಧ ಗಂಟೆಯ ಹಾದಿ. ನಮ್ಮಲ್ಲಿ ಬಾಡಿನೂಟಕ್ಕೆ ಕೂತವರು ಉಪ್ಪು ಖಾರದ ಮಾತೆತ್ತುವ ಮೊದಲು "ಯಾವುದು?" ಎಂದು ಕೇಳುವುದು ರೂಢಿ. ಯಾವ ಕುರಿ ಎಂದು. ಬಡಿಸುವವರು ಹೇಳಬೇಕು: ಬಿಳಿಕಿವಿಯದರ ಮರಿ, ಹೋದ ಮಳೆಗಾಲದಲ್ಲಿ ಹುಟ್ಟಿದ್ದು. ಕೇಳಿದವರು "ಪಾಪ, ಸಾಧು ಇತ್ತು" ಎಂದೋ "ನನ್ ಕಾಲು ಮುರಿದಿತ್ತು ಅದು" ಎಂದೋ ಹೇಳಿ ತುತ್ತು ಎತ್ತುತ್ತಿದ್ದರು. ಯಾವುದೆಂದು ತಿಳಿಯದ ಬಾಡನ್ನು ಅಪ್ಪ ಬಾಯಿಗೆ ಇಟ್ಟವನಲ್ಲ. ಬೇರೆಯವರ ಮನೆಯ ಔತಣದಲ್ಲಿ ಅನ್ನ ಮಜ್ಜಿಗೆ ಉಂಡು ಎದ್ದು ಬರುತ್ತಿದ್ದ. ಮನೆಯಲ್ಲಿ ಉಂಡರೆ ತಟ್ಟೆಯಲ್ಲಿ ಚೂರೂ ಬಿಡುತ್ತಿರಲಿಲ್ಲ. ಬಿಟ್ಟರೆ ಅದರ ಜೀವಕ್ಕೆ ಅವಮಾನ ಎನ್ನುತ್ತಿದ್ದ.

ಅಂಥವನ ಮಗಳು ನಾನು ಬಾಡು ಬಿಟ್ಟೆ. ಮೊಣಕಾಲು ಊದಿ ಬಸ್ಸಿನ ಮೆಟ್ಟಿಲು ಹತ್ತಲಾಗದೆ ಡಾಕ್ಟರ ಹತ್ತಿರ ಹೋದಾಗ ಅವರು ಸಕ್ಕರೆ ಕಾಯಿಲೆಯ ಸುದ್ದಿಯನ್ನೂ ಸೇರಿಸಿ ಹೇಳಿದರು. ಸೊಪ್ಪು ಕಾಳು ಹೆಚ್ಚು ಮಾಡಿ ಅಂದರು. ಔಷಧಿಯ ಹಾಗೆ ಶುರು ಮಾಡಿದ್ದು ಆರು ತಿಂಗಳಲ್ಲಿ ಚಟವಾಯಿತು. ಆಮೇಲೆ ಹಾಲು ಮೊಸರನ್ನೂ ಬಿಟ್ಟು ಸಕ್ಕರೆಯಿಲ್ಲದ ಕರಿ ಚಹಕ್ಕೆ ಬಂದೆ. ಮೊಣಕಾಲು ಹಗುರಾಯಿತು, ನಿದ್ದೆ ಚೆನ್ನಾಗಿ ಬಂತು, ಬಸ್ಸಿನಲ್ಲಿ ನಿಂತೇ ಹೋಗುವಷ್ಟು ಕಸುವು ಬಂತು.

ಆದರೆ ನನ್ನನ್ನು ಅದರಲ್ಲೇ ಹಿಡಿದು ನಿಲ್ಲಿಸಿದ್ದು ಆರೋಗ್ಯವಲ್ಲ, ರುಚಿ. ಮಳೆ ಬಿದ್ದ ಎರಡನೇ ವಾರಕ್ಕೆ ಹೊಲದ ಬದುವಿನಲ್ಲಿ ಏಳೆಂಟು ಬಗೆಯ ಸೊಪ್ಪು ತಾನಾಗಿ ಏಳುತ್ತದೆ. ಒಂದೊಂದರ ಕುಡಿಯನ್ನಷ್ಟೇ ಚಿವುಟಿ ತಂದು, ತೊಗರಿಬೇಳೆಯ ಜೊತೆ ಬೇಯಿಸಿ, ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಕೊಟ್ಟರೆ ಬಿಸಿ ರೊಟ್ಟಿ ಎಷ್ಟು ಹೋಯಿತೆಂದು ಗೊತ್ತಾಗುವುದಿಲ್ಲ. ಪುಂಡಿ ಸೊಪ್ಪಿನ ಹುಳಿ ನಾಲಿಗೆಯ ಅಂಚನ್ನು ಹಿಡಿಯುತ್ತದೆ. ಹುರುಳಿ ಬೇಯಿಸಿದ ಕಟ್ಟನ್ನು ಮೂರು ದಿನ ಕುದಿಸಿ ಕುದಿಸಿ ಇಟ್ಟರೆ ಮಾಂಸದ ಸಾರಿಗೂ ಬಾರದ ಗಾಢತೆ ಬರುತ್ತದೆ. ಗುರೆಳ್ಳಿನ ಪುಡಿ, ಹಸಿ ಶೇಂಗಾ ಅರೆದು ಸೋಸಿದ ಹಾಲಿನಲ್ಲಿ ಕುದಿಸಿದ ಎಳೆ ಬದನೆ, ಸೊರಬದ ಕಡೆಯವರು ಸಂತೆಗೆ ತರುವ ಎಳೆ ಬಿದಿರಿನ ಕಳಲೆ. ಇವೆಲ್ಲ ನಾನು ಹುಟ್ಟಿದಾಗಿನಿಂದ ನನ್ನ ಸುತ್ತ ಇದ್ದವು. ಬಾಡಿನ ಪಕ್ಕದಲ್ಲಿ ನೆಂಚಿಕೊಳ್ಳಲು ಮಾತ್ರ ಎಂದು ನಾನೇ ಅವನ್ನು ಕಡೆಗಣಿಸಿದ್ದೆ.

ಅಪ್ಪ ನನ್ನನ್ನು ಚೆನ್ನಾಗಿ ಆಡಿಕೊಂಡ. "ಕುರಿ ತಿನ್ನೋದನ್ನ ನೀನು ತಿಂದ್ರೆ ನನ್ ಕುರಿ ಏನ್ ತಿನ್ಬೇಕು?" ಎನ್ನುತ್ತಿದ್ದ. ನಾನು ಸೊಪ್ಪಿನ ಬುಟ್ಟಿ ಹಿಡಿದು ಬಂದರೆ ಪಕ್ಕದ ಮನೆಯ ಸೋದರತ್ತೆಯನ್ನು ಕೂಗಿ, "ನೋಡೇ, ನಮ್ ಮಂದೆಗೆ ಒಂದು ಹೆಚ್ಚಾತು" ಎನ್ನುತ್ತಿದ್ದ. ಆದರೆ ಮಾಡಿ ಹಾಕಿದ್ದನ್ನು ಬೇಡ ಅನ್ನುತ್ತಿರಲಿಲ್ಲ. ನಾನೂ ಸುಮ್ಮನಿರುವ ಹೆಂಗಸಲ್ಲ. ಹೊಸದಾಗಿ ಏನನ್ನಾದರೂ ಹಿಡಿದುಕೊಂಡವರಿಗೆ ಬರುವ ರೋಗ ನನಗೂ ಬಂದಿತ್ತು. ಸ್ಟಾಫ್ ರೂಮಿನಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯಲ್ಲಿ ಕೂಡ ಕಾಳು ಸೊಪ್ಪಿನ ಉಪದೇಶ ಮಾಡುತ್ತಿದ್ದೆ. ನಾನು ಬರುವುದನ್ನು ಕಂಡರೆ ಜನ ತಪ್ಪಿಸಿಕೊಳ್ಳುತ್ತಿದ್ದರು ಎಂದು ಈಗ ಅರ್ಥವಾಗುತ್ತದೆ.

ನಾನು ಮದುವೆಯಾಗಲಿಲ್ಲ. ಅಮ್ಮ ತೀರಿದ ಮೇಲೆ ಮನೆಯಲ್ಲಿ ಅಪ್ಪ ಮತ್ತು ನಾನು. ತಮ್ಮ ಮತ್ತು ಅವನ ಹೆಂಡತಿ ವರ್ಷದ ಅರ್ಧ ಕುರಿಯ ಮಂದೆಯ ಜೊತೆ ಹೊರಗಿರುತ್ತಾರೆ. ಭತ್ತ ಕೊಯ್ದ ಮೇಲೆ ಮಂದೆಯನ್ನು ಸೊರಬದ ಕಡೆ ಹೊಡೆದುಕೊಂಡು ಹೋಗಿ, ಗದ್ದೆಯಿಂದ ಗದ್ದೆಗೆ ತಂಗಿಸುತ್ತಾರೆ. ಗದ್ದೆಗೆ ಗೊಬ್ಬರವಾಗುತ್ತದೆ, ಕುರಿಗೆ ಕೂಳೆಯ ಮೇವು ಸಿಗುತ್ತದೆ. ಅಪ್ಪ ಐವತ್ತು ವರ್ಷ ಮಾಡಿದ ಕೆಲಸ ಅದು. ಕೊನೆಯ ವರ್ಷ ಮಾತ್ರ ಹೋಗಲಿಲ್ಲ. ಹೃದಯ ದೊಡ್ಡದಾಗಿದೆ ಎಂದು ಶಿಕಾರಿಪುರದ ಡಾಕ್ಟರು ಹೇಳಿದ್ದರು. ಉಪ್ಪು, ಎಣ್ಣೆ, ಬಾಡು ಯಾವುದೂ ಕೂಡದು.

ಸಂಕ್ರಾಂತಿ ಕಳೆದ ಮೇಲೆ ಅಪ್ಪನಿಗೆ ಊಟವೇ ಸೇರದಾಯಿತು. ನನ್ನ ಸೊಪ್ಪು, ನನ್ನ ಕಾಳು, ನನ್ನ ಕಟ್ಟಿನ ಸಾರು, ಯಾವುದನ್ನು ಕೊಟ್ಟರೂ ಎರಡು ತುತ್ತು ತಿಂದು ತಟ್ಟೆ ಸರಿಸುತ್ತಿದ್ದ. "ಬಾಡಿನ ಸಾರು ಒಂದ್ ಬಟ್ಟಲು ಕೊಡು ಸಾಕು" ಎಂದು ಕೇಳತೊಡಗಿದ. ನಾನು ಕೊಡಲಿಲ್ಲ. ಡಾಕ್ಟರ ಹೆಸರು ಹೇಳಿದೆ, ಗದರಿದೆ. ಒಮ್ಮೆ "ಬಾಯಿ ಚಪಲ ಸಾಕು" ಎಂದೂ ಅಂದೆ. ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ದಾರಿ ನನಗೆ ಇವತ್ತಿಗೂ ಸಿಕ್ಕಿಲ್ಲ.

ಕೈ ಎಲುಬು ಕಾಣುವಷ್ಟು ಇಳಿದಾಗ ನನಗೆ ಭಯವಾಯಿತು. ಶಿರಾಳಕೊಪ್ಪದ ಸಂತೆಯಲ್ಲಿ ಎಳೆ ಹಲಸಿನಕಾಯಿ ಕಂಡದ್ದು ಆಗಲೇ. ಎಳೆಯದು, ಒಳಗೆ ಬೀಜ ಗಟ್ಟಿಯಾಗಿರದ್ದು, ಬೆಂದರೆ ಎಳೆ ಎಳೆಯಾಗಿ ಬಿಡುತ್ತದೆ. ಅಪ್ಪನಿಗೆ ಹಲ್ಲಿಲ್ಲ, ಮೂಗಿಗೆ ವಾಸನೆ ತಿಳಿಯದಾಗಿ ವರ್ಷವಾಗಿತ್ತು, ಕಣ್ಣಿಗೆ ಪೊರೆ. ಮೋಸ ಮಾಡಲು ಇನ್ನೇನು ಬೇಕು?

ಮನಸ್ಸಿಟ್ಟು ಮಾಡಿದೆ. ಕೈಗೂ ಕತ್ತಿಗೂ ಎಣ್ಣೆ ಹಚ್ಚಿಕೊಂಡು ಅಂಟು ಬಿಡಿಸಿದೆ. ಈರುಳ್ಳಿಯನ್ನು ಕೆಂಡದಲ್ಲಿ ಸುಟ್ಟೆ. ಕೊತ್ತಂಬರಿ, ಗಸಗಸೆ, ಚಕ್ಕೆ, ಲವಂಗ, ಕೊಬ್ಬರಿ ಹುರಿದು ಅಮ್ಮ ಬಾಡಿಗೆ ಅರೆಯುತ್ತಿದ್ದ ಹಾಗೆಯೇ ಕಲ್ಲಿನಲ್ಲಿ ಅರೆದೆ. ಹೋಳು ಬೆಂದ ಮೇಲೆ ಪಾತ್ರೆಯೊಳಗೆ ಒಂದು ಕೆಂಡ ಇಟ್ಟು ಮುಚ್ಚಿ ಹೊಗೆ ಹಿಡಿಸಿದೆ. ರುಚಿ ನೋಡಿದರೆ ನನಗೇ ಒಂದು ಕ್ಷಣ ಅನುಮಾನ ಬಂತು. ಗೆದ್ದೆ ಅನ್ನಿಸಿತು.

ಮಂಚದ ಪಕ್ಕ ಕೂತು ಅನ್ನಕ್ಕೆ ಕಲೆಸಿದೆ. "ತಮ್ಮ ಹೊಸಬಾಳೆಯಿಂದ ಬಾಡು ಕಳಿಸಿದ್ದಾನೆ, ಬಸ್ಸಿನವರ ಕೈಲಿ" ಎಂದೆ. ಮಂದೆ ಆಗ ಸೊರಬದ ಕಡೆಯ ಆ ಊರಿನ ಗದ್ದೆಗಳಲ್ಲಿತ್ತು. ಅಪ್ಪನ ಮುಖ ಅರಳಿತು.

"ಮೂಳೆ ಇಲ್ಲೇನು?" ಎಂದ.

"ಹಲ್ಲಿಲ್ಲದೋರಿಗೆ ಮೂಳೆ ಯಾಕ? ಬಿಡಿಸಿ ಹಾಕೀನಿ."

ಅಪ್ಪ ನಕ್ಕ. ತುತ್ತಿಗೆ ಕೈ ಹಾಕಿದವನು ತಡೆದು, ತಲೆಯೆತ್ತಿ ಕೇಳಿದ: "ಯಾವುದು?"

ಮಸಾಲೆ, ಮೂಳೆ, ಹೊಗೆ ಎಲ್ಲಕ್ಕೂ ಸಿದ್ಧವಾಗಿದ್ದೆ. ಹುಟ್ಟಿದಾಗಿನಿಂದ ಕೇಳಿಕೊಂಡು ಬಂದ ಆ ಒಂದು ಪ್ರಶ್ನೆಯನ್ನು ಮರೆತಿದ್ದೆ. ತಲೆ ಒಂದು ಕ್ಷಣದಲ್ಲಿ ಲೆಕ್ಕ ಹಾಕಿತು. ಮಂದೆ ಹೊರಗಿರುವಾಗ ಕುರಿಗಾರ ಸುಮ್ಮನೆ ಕುರಿ ಕೊಯ್ಯುವುದಿಲ್ಲ, ನಡೆಯಲಾರದ್ದನ್ನು ಮಾತ್ರ ಕೊಯ್ಯುತ್ತಾನೆ. ನಡೆಯಲಾರದ್ದು ಅಂದರೆ ಒಂದೇ. ಅದು ಬಾಯಿಗೆ ಬಂದೇ ಬಿಟ್ಟಿತು.

"ಕುಂಟಿ" ಎಂದೆ.

ಕುಂಟಿ ಅಪ್ಪನ ಕುರಿ. ಮರಿಯಾಗಿದ್ದಾಗ, ಗುಡವಿಯ ಕೆರೆಯ ಹತ್ತಿರ ಮಂದೆ ದಾಟುವಾಗ ಟ್ರ್ಯಾಕ್ಟರಿನ ಚಕ್ರ ಅದರ ಕಾಲ ಮೇಲೆ ಹೋಗಿತ್ತು. ಉಳಿಯುವುದಿಲ್ಲ, ಕೊಯ್ದುಬಿಡು ಎಂದು ಎಲ್ಲರೂ ಹೇಳಿದ್ದರು. ಅಪ್ಪ ಬಿದಿರಿನ ಸೀಳು ಕಟ್ಟಿ, ಹೆಗಲ ಮೇಲೆ ಹೊತ್ತು ನಡೆದು ಊರಿಗೆ ತಂದಿದ್ದ. ಅದು ಕಾಲು ಎಳೆಯುತ್ತಲೇ ಬೆಳೆದು, ಮರಿ ಹಾಕಿ, ಮುದಿಯಾಯಿತು. ಅದರ ಕೊರಳಿಗೆ ಅಪ್ಪ ತಾನೇ ಒಂದು ಗಂಟೆ ಕಟ್ಟಿದ್ದ. ಇದು ಮಾತ್ರ ತಾನಾಗಿ ಸಾಯಬೇಕು ಎಂದು ತಮ್ಮನಿಂದ ಮಾತು ತೆಗೆದುಕೊಂಡಿದ್ದ. ಇದೆಲ್ಲ ನನಗೆ ಗೊತ್ತಿತ್ತು.

ಅಪ್ಪನ ಕೈ ಅನ್ನದಲ್ಲೇ ನಿಂತಿತು. "ಯಾಕ ಕೊಯ್ದ?" ಎಂದ, ಮೆಲ್ಲಗೆ.

ಒಂದು ಸುಳ್ಳಿಗೆ ಇನ್ನೊಂದನ್ನು ಜೋಡಿಸಿದೆ. "ಕಾಲಿಗೆ ಹುಳ ಬಿದ್ದಿತ್ತಂತೆ. ಸಂಕಟ ಪಡ್ತಿತ್ತಂತೆ."

"ಹಂಗಾರೆ ಸರಿ" ಎಂದ ಅಪ್ಪ. ಆಮೇಲೆ ಉಂಡ. ನಿಧಾನವಾಗಿ, ಒಂದು ಹೋಳು ಬಿಡದೆ, ತಟ್ಟೆಯನ್ನು ಬೆರಳಿನಿಂದ ಒರೆಸಿ ಉಂಡ.

ತಿಂಗಳಿನಿಂದ ಅಷ್ಟು ಉಂಡಿರಲಿಲ್ಲ. ನನಗೆ ಅಪ್ಪನ ಮುಖ ಕಾಣಲೇ ಇಲ್ಲ, ಖಾಲಿ ತಟ್ಟೆ ಮಾತ್ರ ಕಂಡಿತು. ಮರುದಿನ ಅಪ್ಪನೇ ಕೇಳಿದ, "ಉಳಿದೈತೇನು?" ಎಂದು. ಉಳಿದಿದೆ ಎಂದೆ. ಇನ್ನೊಂದು ಕಾಯಿ ತಂದೆ. ಮೂರು ದಿನ ಎರಡು ಹೊತ್ತೂ ಅದನ್ನೇ ಬಡಿಸಿದೆ, ಮೂರು ದಿನವೂ ಉಂಡ. ಸ್ಟಾಫ್ ರೂಮಿನಲ್ಲಿ ನನ್ನ ಬಾಯಿ ಹಿಡಿಯುವವರಿರಲಿಲ್ಲ. ರುಚಿ ಇರುವುದು ಮಸಾಲೆಯಲ್ಲಿ, ಬಾಡಿನಲ್ಲಲ್ಲ, ಜೀವಮಾನವಿಡೀ ಕುರಿ ತಿಂದವರಿಗೂ ವ್ಯತ್ಯಾಸ ತಿಳಿಯುವುದಿಲ್ಲ ಎಂದು ಜಂಬ ಕೊಚ್ಚಿದೆ. ಒಬ್ಬರು ಮಸಾಲೆಯ ಅಳತೆ ಬರೆದುಕೊಂಡರು.

ಮೂರನೆಯ ದಿನ ಸಂಜೆ ಅಪ್ಪ ಕೇಳಿದ, "ಮುಗೀತಾ?"

"ಮುಗೀತು."

"ಪೂರ್ತಿ?"

"ಪೂರ್ತಿ ಅಪ್ಪಾ."

"ಒಳ್ಳೇದಾತು. ಹಾಳಾಗಲಿಲ್ಲ ಅದು" ಎಂದು ಗೋಡೆಯ ಕಡೆ ತಿರುಗಿದ. ಸ್ವಲ್ಪ ಹೊತ್ತಾದ ಮೇಲೆ, ತಿರುಗದೆಯೇ ಹೇಳಿದ: "ಅದರ ಗಂಟೆ ತಮ್ಮನ ಹತ್ರ ಇರ್ತೈತಿ. ತಂದಾಗ ಈ ಗೂಟಕ್ಕೆ ಹಾಕು, ನನ್ ತಲೆ ಮ್ಯಾಲೆ."

ನಾನು ಏನು ಮಾಡಿದ್ದೇನೆ ಎಂದು ತಿಳಿದದ್ದು ಆಗ. ಅಪ್ಪ ಉಂಡದ್ದು ರುಚಿಗಲ್ಲ. ಕುಂಟಿಯನ್ನು ಕಸಕ್ಕೆ ಹೋಗಲು ಬಿಡಬಾರದೆಂದು ಉಂಡಿದ್ದ.

ಅಲ್ಲಿಂದ ಮುಂದೆ ಅಪ್ಪ ಗಂಜಿಯ ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಹೇಳಿಬಿಡಬೇಕೆಂದು ದಿನವೂ ಅಂದುಕೊಂಡೆ. ಹೇಳಿದರೆ ಮಗಳು ಸುಳ್ಳಿ ಎಂದಾಗುತ್ತದೆ, ಕಾಯಿಲೆಯ ಮನುಷ್ಯನಿಗೆ ಆಘಾತವಾಗುತ್ತದೆ, ನಾಳೆ ಸ್ವಲ್ಪ ಗೆಲುವಾದಾಗ ಹೇಳೋಣ ಎಂದು ಕಾರಣ ಹುಡುಕಿಕೊಂಡೆ. ನಿಜ ಹೇಳಬೇಕೆಂದರೆ ನಾಚಿಕೆ. ತಮ್ಮನಿಗೆ ಹೇಳಲು ಫೋನು ಕೈಯಲ್ಲೇ ಇತ್ತು, ಮಾಡಲಿಲ್ಲ. ಒಂದು ಬೆಳಿಗ್ಗೆ ಮಾತ್ರ ಧೈರ್ಯ ಮಾಡಿ ಮಂಚದ ಮೇಲೆ ಕೂತು, "ಅಪ್ಪಾ, ಕುಂಟಿ ವಿಷಯ..." ಎಂದು ಶುರು ಮಾಡಿದೆ. ಅಪ್ಪ ನನ್ನ ಕೈ ಮೇಲೆ ಕೈ ಇಟ್ಟು, "ಬಿಡವ್ವಾ ಆ ಮಾತು" ಎಂದ. ನಾನು ಬಿಟ್ಟೆ. ಬಿಡಲು ಅಪ್ಪನೇ ಹೇಳಿದ ಎಂದು ನೆಮ್ಮದಿಯೂ ಪಟ್ಟೆ. ಎರಡು ದಿನದ ಮೇಲೆ, ಬೆಳಿಗ್ಗೆ ಚಹದ ಹೊತ್ತಿಗೆ, ಅಪ್ಪ ತೀರಿಕೊಂಡ.

ತಮ್ಮ ಬೈಕಿನಲ್ಲಿ ಬಂದು ಮಣ್ಣು ಮಾಡಿ, ಮಂದೆಯನ್ನು ಕರೆತರಲು ವಾಪಸ್ ಹೋದ. ಒಂಬತ್ತನೆಯ ದಿನ ಬಿಸಿಲೇರುವ ಹೊತ್ತಿಗೆ ಮಂದೆ ಊರಿಗೆ ಬಂತು. ನಾನೂ ಅತ್ತೆಯೂ ಅಂಗಳದಲ್ಲಿ ಕೂತು ತಿಥಿಯ ಅಕ್ಕಿ ಆರಿಸುತ್ತಿದ್ದೆವು. ರಸ್ತೆಯ ತಿರುವಿನಲ್ಲಿ ಗಂಟೆಯ ಸದ್ದು ಕೇಳಿತು. ಒಂದು ಹೊಡೆತ, ಒಂದು ಬಿಡುವು, ಮತ್ತೆ ಒಂದು ಹೊಡೆತ. ಕಾಲು ಎಳೆಯುವ ನಡಿಗೆಯ ಸದ್ದು ಅದು.

ಕುಂಟಿ ಮಂದೆ ಬಿಟ್ಟು ನೇರ ಅಂಗಳಕ್ಕೆ ಬಂತು. ಒಣಗಲು ಹಾಕಿದ್ದ ಅಪ್ಪನ ಕಂಬಳಿಗೆ ಮೂತಿ ಇಟ್ಟು ಮೂಸಿತು. ಅತ್ತೆಯ ಕೈಯಿಂದ ಮೊರ ಬಿತ್ತು. "ಅಯ್ಯಯ್ಯೋ, ಸತ್ತಿದ್ದು ಬಂತಲ್ಲೇ!" ಎಂದು ಚೀರಿ ಗೋಡೆಗೆ ಒರಗಿದಳು.

"ಯಾವುದು ಸತ್ತಿದ್ದು?" ಎಂದ ಹಿಂದೆ ಬಂದ ತಮ್ಮ.

ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದೆ. ಹಲಸಿನಕಾಯಿ ಎಂದಾಗ ತಮ್ಮ ನಕ್ಕ. ಕುಂಟಿ ಎಂದಾಗ ಅವನ ನಗು ನಿಂತಿತು. ತುಂಬಾ ಹೊತ್ತು ಕುಂಟಿಯ ಬೆನ್ನು ಸವರುತ್ತ ನಿಂತ.

"ಒಂದು ಫೋನ್ ಮಾಡಿದ್ರೆ ಸಾಕಿತ್ತಲ್ಲಕ್ಕ" ಎಂದ. "ಬೈಕ್ ಮ್ಯಾಲೆ ಹಾಕ್ಕೊಂಡು ಬಂದು ಅಪ್ಪನ ಮಂಚದ ಪಕ್ಕ ನಿಲ್ಲಿಸ್ತಿದ್ದೆ. ಎಷ್ಟು ದೂರ ಐತಿ ಹೊಸಬಾಳೆ?"

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅತ್ತೆ ಚೆಲ್ಲಿದ ಅಕ್ಕಿಯನ್ನು ಒಂದೊಂದೇ ಕಾಳು ಎತ್ತಿ ಮೊರಕ್ಕೆ ಹಾಕುತ್ತಿದ್ದಳು.

ಹನ್ನೊಂದನೆಯ ದಿನ ಎಡೆ. ಸತ್ತವರಿಗೆ ಇಷ್ಟವಾದದ್ದನ್ನು ಬಾಳೆ ಎಲೆಯಲ್ಲಿ ಬಡಿಸಿಟ್ಟು, ಬಂದು ಉಂಡು ಹೋಗಲಿ ಎಂದು ಸ್ವಲ್ಪ ಹೊತ್ತು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರುವುದು ನಮ್ಮಲ್ಲಿ ಪದ್ಧತಿ. ತಮ್ಮ ಟಗರು ಕೊಯ್ದ, ನಾನು ಬೇಡವೆನ್ನಲಿಲ್ಲ. ಅವನ ಹೆಂಡತಿ ಬಾಡಿನ ಸಾರು ಮಾಡಿದಳು. ನಾನು ಪಕ್ಕದ ಒಲೆಯಲ್ಲಿ ಹಲಸಿನಕಾಯಿಯ ಸಾರು ಮಾಡಿದೆ. ಅದೇ ಮಸಾಲೆ, ಅದೇ ಕೆಂಡ. ಬಡಿಸುವಾಗ ತಮ್ಮ ಎಲೆಯ ಮುಂದೆ ಕೂತು, "ಅಪ್ಪಾ, ಇದು ಕೆಂದ ಟಗರಿನ ಮರಿ, ನೀನೇ ಆರಿಸಿ ಬಿಟ್ಟಿದ್ದು" ಎಂದು ಹೇಳಿದ. ಆಮೇಲೆ ನನ್ನ ಸರದಿ.

"ಇದು ಹಲಸಿನಕಾಯಿ ಅಪ್ಪಾ" ಎಂದೆ. ಜನ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ. "ಅವತ್ತು ಕೊಟ್ಟಿದ್ದೂ ಹಲಸಿನಕಾಯೇ. ಕುಂಟಿ ಹೊರಗೈತಿ, ಚೆನ್ನಾಗೈತಿ. ನಾನು ಸುಳ್ಳು ಹೇಳಿದ್ದೆ."

ಬಾಗಿಲು ಮುಚ್ಚಿದೆವು. ಅಂಗಳಕ್ಕೆ ಬಂದು ಕೂತೆವು. ಅತ್ತೆ ಬಂದು ನನ್ನ ಪಕ್ಕ ಕೂತಳು. ಹೇಳಲೋ ಬೇಡವೋ ಎಂದು ಸೆರಗಿನ ತುದಿಯನ್ನು ಸುತ್ತಿ ಬಿಚ್ಚಿ ಮಾಡುತ್ತಿದ್ದಳು.

"ನನ್ ಮುಂದೆ ಅತ್ತಿದ್ದ ಅವನು" ಎಂದಳು ಕೊನೆಗೆ. "ನೀನು ಸಾಲಿಗೆ ಹೋದಾಗ. 'ನನ್ ಬಾಯಿ ಚಪಲಕ್ಕೆ ಅದನ್ನ ಕೊಯ್ದ್ರು, ಒಂದೊಂದ್ ತುತ್ತೂ ಗಂಟಲಲ್ಲಿ ಹಿಡೀತೈತಿ' ಅಂದ. 'ಹಂಗಾರೆ ಮೊದಲ್ನೇ ದಿನಕ್ಕೆ ಸಾಕು ಅನ್ನು, ಉಳಿದಿದ್ದು ನಾವು ಉಣ್ತೀವಿ' ಅಂದೆ. ಅದಕ್ಕೆ ಏನಂದ ಗೊತ್ತೇನು? 'ಆಕಿ ಮುಖ ನೋಡೀಯಾ? ಆಕಿ ಮಾಡಿದ್ದನ್ನ ನಾನು ದೂಡಿ ದೂಡಿ ಒಂದು ತಿಂಗಳು ಅಳಿಸೀನಿ. ಈಗ ನಾನು ಉಂಡ್ರೆ ಸಣ್ಣ ಹುಡುಗಿ ಹಂಗೆ ಓಡಾಡ್ತಾಳೆ. ಉಳಿದೈತೇನು ಅಂತ ನಾನೇ ಕೇಳ್ತೀನಿ. ನೀನು ಆಕಿಗೆ ಹೇಳಬ್ಯಾಡ' ಅಂತ ನನ್ ಕೈಲಿ ಆಣೆ ಹಾಕಿಸ್ಕೊಂಡ."

ನಾನು ಅತ್ತೆಯ ಮುಖ ನೋಡಲಿಲ್ಲ. ಹೊತ್ತಾಯಿತು ಎಂದು ತಮ್ಮ ಎದ್ದು ಬಾಗಿಲು ತೆಗೆದ. ಎಡೆ ಇಟ್ಟದ್ದನ್ನು ಮನೆಯವರು ಹಂಚಿಕೊಂಡು ಉಣ್ಣಬೇಕು. ಬಾಡು ಅವರಿಗೆ ಹೋಯಿತು, ಹಲಸಿನಕಾಯಿ ನನ್ನ ತಟ್ಟೆಗೆ ಬಂತು. ಮೊದಲ ತುತ್ತು ಬಾಯಿಗೆ ಇಟ್ಟೆ. ಹೋಳು ಹದವಾಗಿ ಬೆಂದಿತ್ತು, ಮಸಾಲೆ ಒಳಗಿನವರೆಗೆ ಇಳಿದಿತ್ತು, ಹೊಗೆ ಎಷ್ಟು ಬೇಕೋ ಅಷ್ಟೇ ಹಿಡಿದಿತ್ತು. ತುಂಬಾ ರುಚಿಯಾಗಿತ್ತು. ನನ್ನಿಂದ ತಡೆದುಕೊಳ್ಳಲಾಗದೆ ಹೋದದ್ದು ಆ ರುಚಿಯೊಂದೇ.